ಕೆಟ್ಟ ಮೂಲೆಯ ಮಣ್ಣು ಕೇಳುವ ಮಣ್ಣಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬದುವಿಗೆ ಸೈಕಲ್ ಒರಗಿಸಿ, ಪ್ಯಾಂಟಿನ ಕಾಲು ಮಡಚಿ, ಮಣ್ಣಕ್ಕ ಕೈಗುದ್ದಲಿಯಿಂದ ಗೇಣು ಆಳದ ಗುಂಡಿ ತೋಡುತ್ತಿದ್ದಾರೆ. ಹೊಲಕ್ಕೆ ಒಂಬತ್ತು ಗುಂಡಿ. ಎಲ್ಲದರ ಮಣ್ಣನ್ನೂ ಬಕೆಟ್ಟಿನಲ್ಲಿ ಬೆರೆಸಿ ಅರ್ಧ ಕೆಜಿಯಷ್ಟು ಬಟ್ಟೆಚೀಲಕ್ಕೆ ತುಂಬುತ್ತಾರೆ. ಚೀಟಿ ಬರೆಯುವುದು ಪೆನ್ಸಿಲಿನಲ್ಲೇ, ಪೆನ್ನಿನ ಶಾಯಿ ತೇವಕ್ಕೆ ಹರಡಿಬಿಡುತ್ತದೆ.

ಕಾಗದದ ಮೇಲೆ ಅವರು ಗ್ರಾಮಾಡಳಿತ ಕಚೇರಿಯ ಸಹಾಯಕಿ. ಫೈಲು ಹೊರುವುದು, ಬೀಗ ತೆಗೆಯುವುದು ಅವರ ಕೆಲಸ. ಮಣ್ಣು ತರುವುದು ಅದರಲ್ಲಿ ಎಲ್ಲೂ ಇಲ್ಲ. ಆದರೆ ಹೊಲ ಸುಧಾರಿಸಲು ಸಹಾಯಧನ ಬೇಕೆಂದರೆ ಅರ್ಜಿಯ ಜೊತೆ ಮಣ್ಣಿನ ವರದಿ ಇರಲೇಬೇಕು, ಇಲ್ಲದಿದ್ದರೆ ಫೈಲು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಹಾಗಾಗಿ ಒಂಬತ್ತಕ್ಕೆ ಕಚೇರಿ ತೆರೆಯುವ ಮುಂಚೆಯೇ ಹನ್ನೊಂದು ಕಿಲೋಮೀಟರು ಸೈಕಲ್, ಮೂರು ಹೊಲ, ಇಪ್ಪತ್ತೇಳು ಗುಂಡಿ. ಸೊಂಟ ಹಿಡಿದುಕೊಳ್ಳುತ್ತದೆ. ಗಂಡ ದಿನಾ ಗೊಣಗುತ್ತಾನೆ, ಗೊಣಗುತ್ತಲೇ ಸೈಕಲ್ಲಿಗೆ ಗಾಳಿ ಹೊಡೆದುಕೊಡುತ್ತಾನೆ.

ಮೊದಲೆಲ್ಲ ರೈತರೇ ಚೀಲ ತಂದುಕೊಡುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಊರವರ ಮುಂದೆ ಹೊಲದ ಮಾನ ಹೋಗಬಾರದೆಂದು ಎಲ್ಲರೂ ಹುಡುಕಿ ಹುಡುಕಿ ಒಳ್ಳೆಯ ಮಣ್ಣನ್ನೇ ತುಂಬುತ್ತಿದ್ದರು. "ಮಗಳ ಫೋಟೊ ಕಳಿಸೋವಾಗ ಚೆನ್ನಾಗಿರೋದನ್ನೇ ಆರಿಸಲ್ವಾ? ಇದೂ ಹಾಗೇ," ಎಂದು ಮಣ್ಣಕ್ಕ ನಗುತ್ತಾರೆ.

ಆದರೆ ಕೆಳಗಿನ ಹೊಲದಲ್ಲಿ ಬೀನ್ಸ್ ಬೆಳೆಯುವಾಕೆಯ ವಿಷಯಕ್ಕೆ ಬಂದರೆ ಆ ನಗು ನಿಲ್ಲುತ್ತದೆ. ಆಕೆಯ ಅರ್ಧ ಹೊಲದಲ್ಲಿ ನೀರು ನಿಂತು ನಿಂತು ಮಣ್ಣು ಚೌಳಾಗಿತ್ತು, ಮೇಲೆ ಉಪ್ಪಿನ ಬಿಳಿ ಪದರ. ನೀರು ಬಸಿದು ಹೋಗಲು ಕಾಲುವೆ ತೋಡಿಸದಿದ್ದರೆ ಆ ಅರ್ಧವನ್ನು ಕೈಬಿಡುವುದೇ ಸರಿ ಎನ್ನುವಂತಾಗಿತ್ತು. ಸಹಾಯಧನಕ್ಕೆ ಅರ್ಜಿ ಹಾಕಿದ ಆಕೆ ಚೀಲಕ್ಕೆ ತುಂಬಿದ್ದು ಮಾತ್ರ ಕೊಟ್ಟಿಗೆಯ ಹಿಂದಿನ, ಗೊಬ್ಬರ ಬಿದ್ದ ಕಪ್ಪು ಮಣ್ಣು. ವರದಿ ಬಂತು: ಮಣ್ಣು ಉತ್ತಮ, ನೆರವು ಬೇಕಿಲ್ಲ.

"ಅವಳನ್ನೇನು ಅನ್ನೋದು? ಚೀಲ ಕೊಟ್ಟಳು, ಎಲ್ಲೀದು ಅಂತ ಕೇಳ್ದೆ ಇಸ್ಕೊಂಡೋಳು ನಾನು. ಅವತ್ತು ರಾತ್ರಿ ಊಟ ಸೇರ್ಲಿಲ್ಲ," ಎನ್ನುತ್ತಾರೆ ಮಣ್ಣಕ್ಕ.

ಮರುಪರಿಶೀಲನೆಗೆ ಅರ್ಜಿ ಹಾಕಲು ಉಳಿದಿದ್ದು ನಾಲ್ಕೇ ದಿನ. ಮಣ್ಣಕ್ಕ ಬಕೆಟ್ ಹಿಡಿದು ಹೋದರೆ ಆಕೆಯ ಗಂಡ ಅಡ್ಡ ನಿಂತ. ನಮ್ಮ ಹೊಲ ಕೆಟ್ಟಿದೆಯೆಂದು ಊರಿಗೆಲ್ಲ ಡಂಗುರ ಸಾರಬೇಕೇ ಎಂದು ಕೇಳಿದ. ಮಣ್ಣಕ್ಕ ವಾದಕ್ಕೆ ಇಳಿಯಲಿಲ್ಲ. "ಅಣ್ಣಾ, ಡಾಕ್ಟರ ಹತ್ರ ಹೋಗಿ ನೋವಿಲ್ಲದ ಕಾಲು ತೋರಿಸ್ತೀಯಾ?" ಎಂದರು. ಅವನು ಗುದ್ದಲಿ ಇಸಿದುಕೊಂಡು ತಾನೇ ಬಿಳಿ ಪದರದ ಮಧ್ಯೆ ಗುಂಡಿ ತೋಡಿದ. ಚೌಳಿನದು ಒಂದು ಚೀಲ, ಒಳ್ಳೆಯ ಕಡೆಯದು ಇನ್ನೊಂದು. ಎರಡನ್ನೂ ಮಣ್ಣಕ್ಕ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಮುಟ್ಟಿಸಿದರು.

ಮಂಜೂರಾತಿ ಪತ್ರ ಬಂದ ದಿನ ಅದನ್ನು ಟಪಾಲಿನಿಂದ ತೆಗೆದವರೂ ಅವರೇ. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು ಎನ್ನುತ್ತಾರೆ. ಕಾಲುವೆ ತೋಡಿ ಒಂದು ವರ್ಷವಾಗಿದೆ. ಒಂದು ಕೊಯ್ಲಿಗೆ ನಾಲ್ಕು ಕ್ರೇಟ್ ಬೀನ್ಸ್ ಕೀಳುತ್ತಿದ್ದ ಹೊಲದಲ್ಲಿ ಈಗ ಹನ್ನೊಂದು. ಅಂದಿನಿಂದ ಮಣ್ಣಕ್ಕ ಯಾರ ಚೀಲವನ್ನೂ ನಂಬುವುದಿಲ್ಲ, ಖುದ್ದಾಗಿ ಹೋಗುತ್ತಾರೆ.

ಇವತ್ತು ಕಚೇರಿಯ ಬೀಗ ತೆಗೆಯುವಷ್ಟರಲ್ಲಿ ಬೀನ್ಸ್ ಬೆಳೆಯುವಾಕೆ ಮೆಟ್ಟಿಲ ಮೇಲೆ ಕುಳಿತಿದ್ದಾಳೆ, ಮಡಿಲಲ್ಲಿ ಚೀಲ. ಹೊಲದ ಬೇಲಿಯಂಚಿನಲ್ಲಿ ಇನ್ನೊಂದಿಷ್ಟು ಚೌಳು ಜಾಗ ಉಳಿದಿದೆಯಂತೆ.

"ಅಕ್ಕಾ, ನೀವು ಬರೋದು ಬೇಡ. ಇರೋದ್ರಲ್ಲೇ ಕೆಟ್ಟ ಮೂಲೇದು ತಂದಿದ್ದೀನಿ," ಎನ್ನುತ್ತಾಳೆ, ಬಹುಮಾನ ಗೆದ್ದು ತಂದವಳ ಹಾಗೆ.

ಮಣ್ಣಕ್ಕ ಚೀಲ ಬಿಚ್ಚಿ, ಚಿಟಿಕೆ ಮಣ್ಣು ತಿಕ್ಕಿ ನೋಡುತ್ತಾರೆ. ಬೆರಳಿಗೆ ಬಿಳಿ ಹತ್ತುತ್ತದೆ. ಎಷ್ಟೋ ದಿನದ ಮೇಲೆ ಮೊದಲ ಸಲ, ಬೇರೆಯವರು ತಂದ ಚೀಲಕ್ಕೆ ಪೆನ್ಸಿಲಿನಲ್ಲಿ ನಂಬರು ಬರೆಯುತ್ತಾರೆ.

"ನಾನು ರಿಟೈರ್ ಆಗೋಕೆ ಇನ್ನೆರಡು ವರ್ಷ ಇದೆ," ಎನ್ನುತ್ತಾರೆ ಮೆಲ್ಲಗೆ. "ಅಷ್ಟರಲ್ಲಿ ಎಲ್ಲರೂ ಹೀಗೇ ತರೋದು ಕಲಿತುಬಿಟ್ರೆ, ನನ್ನ ಗುದ್ದಲಿ ಮನೆಗೆ ತಗೊಂಡು ಹೋಗ್ತೀನಿ."