ಹಿಮ್ಮಡಿಯ ಮುಳ್ಳು

ಅರವತ್ತರ ದಶಕದಲ್ಲಿ ಅಣೆಕಟ್ಟಿನ ನೀರು ನಮ್ಮ ಗದ್ದೆಯನ್ನು ನುಂಗಿದ ವರ್ಷ, ಸಾಮಾನು ಹೊತ್ತು ಗುಡ್ಡ ಹತ್ತಿಳಿದದ್ದೇ ನೆಪವಾಗಿ ನನ್ನ ಬಲಗಾಲಿನ ಹಿಮ್ಮಡಿ ನೋಯಲು ಶುರುವಾಯಿತು. ಸಾಗರದ ಅಂಚಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆವು. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಾನು ತೀರ್ಥಹಳ್ಳಿಯ ಒಂದು ಆಸ್ಪತ್ರೆಗೆ, ನರ್ಸ್ ಕೆಲಸ ಕಲಿಯುತ್ತೇನೆಂದು ಅರ್ಜಿ ಹಾಕಿದ್ದೆ. ಅದು ತಪ್ಪಿದರೆ ಮುಂದೇನು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಜೀವವೇ ಹೋದಂತಾಗುತ್ತಿತ್ತು. ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಸಡಿಲ. ಕೂತು ಎದ್ದರೆ ಮತ್ತೆ ಅದೇ. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ತುಳಿದೆ, ಎಣ್ಣೆ ತಿಕ್ಕಿದೆ. ಹಾಳಾದ ಕಾಲು ಜಪ್ಪಯ್ಯ ಅನ್ನಲಿಲ್ಲ. ದಿನವಿಡೀ ನಿಲ್ಲುವ ಕೆಲಸಕ್ಕೆ ಅರ್ಜಿ ಹಾಕಿದವಳ ಕಾಲು ಇದು! ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ನಮ್ಮವರೆಲ್ಲ ಬರಿಗಾಲಲ್ಲೇ ಕಾಡು ಗುಡ್ಡ ತಿರುಗಿದವರು. ಹಿಮ್ಮಡಿ ನೋವೆಂದರೆ ಎಲ್ಲರದೂ ಒಂದೇ ಮಾತು: ಮುಳ್ಳು ಉಳಿದಿದೆ. ನನಗೂ ಅದೇ ಬೇಕಿತ್ತು. ಮುಳ್ಳಾದರೆ ತೆಗೆಯಬಹುದಲ್ಲ. ಆಸ್ಪತ್ರೆಯವರು ಕರೆದಿದ್ದ ಸಂದರ್ಶನದ ಹಿಂದಿನ ದಿನ ಪಕ್ಕದ ಮನೆಯ ಅಜ್ಜಿಯ ಮುಂದೆ ಕಾಲು ಚಾಚಿದೆ. ಮುಳ್ಳು ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ತೆಗೆದ ಮುಳ್ಳನ್ನು ಅಂಗೈಯಲ್ಲಿಟ್ಟು ತೋರಿಸದೆ ಯಾರನ್ನೂ ಕಳಿಸುತ್ತಿರಲಿಲ್ಲ. ಪಿನ್ನನ್ನು ಬೆಂಕಿಗೆ ಹಿಡಿದು ಕೆದಕಿದಳು, ಮತ್ತೂ ಕೆದಕಿದಳು. ನಾನು ದಾವಣಿ ಕಚ್ಚಿಕೊಂಡು ಅಳುತ್ತಿದ್ದೆ. ಕೊನೆಗೆ ಕಪ್ಪಗಿನ ಚೂರೊಂದನ್ನು ನನ್ನ ಅಂಗೈಗೆ ಹಾಕಿ, "ತಗ, ಬಂತು ನೋಡು" ಎಂದಳು. ನಾನು ಹತ್ತಿರದಿಂದ ನೋಡಲೇ ಇಲ್ಲ.

ಮರುದಿನ ಮೊದಲ ಬಸ್ಸು. ಕೂತರೆ ಇಳಿಯುವಾಗ ಕಾಲೂರಲಾಗದು ಎಂದು ಕಂಬಿ ಹಿಡಿದು ನಿಂತೇ ಇದ್ದೆ. ಹೊಸನಗರದಲ್ಲಿ ಅರ್ಧ ಬಸ್ಸು ಖಾಲಿಯಾಯಿತು.

"ಸೀಟಿದೆಯಲ್ಲಮ್ಮ, ಕೂತ್ಕಳಿ" ಎಂದ ಕಂಡಕ್ಟರ್.

"ಕೂತ್ರೆ ವಾಂತಿ ಬರುತ್ತೆ" ಎಂದೆ. ಆಮೇಲೆ ಅವನು ನನ್ನ ಹತ್ತಿರವೇ ಸುಳಿಯಲಿಲ್ಲ.

ಆಸ್ಪತ್ರೆಯ ದೊಡ್ಡ ನರ್ಸಮ್ಮ ನನ್ನನ್ನು ವಾರ್ಡಿನ ಆ ತುದಿಯಿಂದ ಈ ತುದಿಗೆ ನಡೆಸಿದರು. ತೊಳೆದ ನೆಲದ ಮೇಲೆ ರಕ್ತದ ಕಲೆ ಬಿತ್ತು.

"ಕಾಲಿಗೆ ಎಂತಾಯ್ತು?"

"ಮುಳ್ಳು ಹೊಕ್ಕಿತ್ತು. ನಿನ್ನೆ ತೆಗೆಸ್ದೆ."

"ಪೂರ್ತಿ ಬಂತಾ?"

"ಬಂತು" ಎಂದೆ. ಅವರೇ ಗಾಯ ತೊಳೆದು ಪಟ್ಟಿ ಕಟ್ಟಿ, ಸೋಮವಾರ ಬಂದು ಸೇರಿಕೋ ಎಂದರು.

ಆ ಸಂಜೆ ಅಮ್ಮ ಪಾಯಸ ಮಾಡಿದಳು. ಅಪ್ಪ ಗಿರಣಿಯವರಿಗೆಲ್ಲ ಹೇಳಿ ಬಂದಿದ್ದ. ಮರುದಿನ ಬೆಳಿಗ್ಗೆ ಚಾಪೆಯಿಂದ ಎದ್ದು ಕಾಲೂರಿದೆ. ಅದೇ ನೋವು, ಗಾಯಕ್ಕಿಂತ ಎಷ್ಟೋ ಒಳಗೆ. ಕುಂಟುತ್ತ ಅಜ್ಜಿಯ ಜಗಲಿಗೆ ಹೋಗಿ ಕಾಲು ಚಾಚಿದೆ.

"ಅಜ್ಜಿ, ಇನ್ನೊಂದು ಉಳ್ಕಂಡಿದೆ. ತೆಗಿ."

ಅಜ್ಜಿ ಪಿನ್ನು ಮುಟ್ಟಲಿಲ್ಲ. ನನ್ನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಪಟ್ಟಿಯ ಮೇಲೆ ಕೈಯಾಡಿಸಿದಳು.

"ಮುಳ್ಳು ಇರ್ಲೇ ಇಲ್ಲ ಮಗ. ನೀ ಅಳೋದು ನೋಡಕ್ಕಾಗ್ದೆ ಒಣಗಿದ ಚರ್ಮ ಕಿತ್ತು ಕೊಟ್ಟೆ."

"ಗೊತ್ತು ಅಜ್ಜಿ" ಎಂದೆ. "ಆದ್ರೂ ತೆಗಿ. ಸೋಮವಾರ ಹೋಗ್ಬೇಕು."