ರಾಕೆಟ್ಟು ಹಿಡಿದ ಬಾಗಿಲು

ಆ ವರ್ಷದ ಕಾರ್ ರೇಸನ್ನು ನನ್ನಷ್ಟು ಹತ್ತಿರದಿಂದ, ನನ್ನಷ್ಟು ಕಣ್ಣರಳಿಸಿ ನೋಡಿದ ಗಂಡಸು ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಮೊದಲ ಸಾಲಿನಲ್ಲೇ ಕೂತಿದ್ದೆ. ಕಾರು ಹೋದ ಗಾಳಿಗೆ ನನ್ನ ಎಡಮೀಸೆ ಬಲಗಡೆಗೆ ಹೋಗಿ ಕೂತದ್ದು ಮರಳಿ ಬರಲು ವಾರ ಹಿಡಿಯಿತು. ಆದರೆ ಹೇಳಹೊರಟದ್ದು ನನ್ನ ಕಥೆಯಲ್ಲ, ಜೊತೆಗೆ ಬಂದಿದ್ದ ರಾಕೆಟ್ಟಿನದು.

ರಾಕೆಟ್ಟು ನಮ್ಮ ಆಫೀಸಿನ ಲಿಫ್ಟ್ ನಡೆಸುವವನು. ಆ ಹೆಸರಿಟ್ಟವನು ನಾನೇ. ಆ ಲಿಫ್ಟಿನಷ್ಟು ನಿಧಾನದ ವಸ್ತುವನ್ನು ದೇವರೂ ಮಾಡಿಲ್ಲ. ಗಡ್ಡ ಬೋಳಿಸಿಕೊಂಡು ಹತ್ತಿದವರು ನಾಲ್ಕನೇ ಮಹಡಿಯಲ್ಲಿ ಗಡ್ಡ ನೀವಿಕೊಳ್ಳುತ್ತಾ ಇಳಿಯುತ್ತಿದ್ದರು. ಅದರ ಕಬ್ಬಿಣದ ಜಾಲರಿ ಬಾಗಿಲಿಗೆ ಒಂದು ಕೆಟ್ಟ ಚಾಳಿ: ಕೈಬಿಟ್ಟರೆ ತಾನಾಗಿ ಜಾರಿ ಬಂದು ಜನರ ಭುಜಕ್ಕೆ ಬಡಿಯುವುದು. ಹಾಗಾಗಿ ಕೊನೆಯವರು ದಾಟುವ ತನಕ ರಾಕೆಟ್ಟು ಅದನ್ನು ಹಿಡಿದೇ ನಿಲ್ಲಬೇಕು. ವರ್ಷಾನುಗಟ್ಟಲೆ ಹಿಡಿದು ಹಿಡಿದು ಅವನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿತ್ತು.

ಇಂಥವನಿಗೆ ವೇಗದ ಹುಚ್ಚು. ಲಿಫ್ಟಿನೊಳಗೆ ಒಂದು ಕೆಂಪು ಕಾರಿನ ಚಿತ್ರ ಅಂಟಿಸಿಕೊಂಡಿದ್ದ. ಅದನ್ನು ಓಡಿಸುವವನಿಗೂ ಇವನಷ್ಟೇ ವಯಸ್ಸು. ಈ ವರ್ಷದ್ದೇ ತನ್ನ ಕೊನೆಯ ರೇಸ್ ಎಂದು ಆತ ಸಾರಿದ ದಿನ ನಮ್ಮ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು.

"ಸಾರ್, ಒಂದೇ ಒಂದು ಸಲ ಕಣ್ಣಾರೆ ನೋಡಬೇಕು. ಟೀವೀಲಿ ಅಲ್ಲ. ನನ್ನ ಮುಂದೆ ಅದು ಹಾದುಹೋಗಬೇಕು, ಅಷ್ಟೇ."

"ನಡಿಯಯ್ಯ, ನಾನೂ ಬರ್ತೀನಿ," ಅಂದೆ.

ಹೋದೆವು. ನಮ್ಮ ಸಾಲಿನ ಪಕ್ಕದಲ್ಲೇ ಜನ ಬಂದು ಹೋಗುವ ಬಾಗಿಲು. ಗ್ರಹಚಾರ ನೋಡಿ, ಅದೂ ಕಬ್ಬಿಣದ ಜಾಲರಿಯದೇ, ಅದಕ್ಕೂ ಅದೇ ಚಾಳಿ. ಇನ್ನೇನು ಕಾರುಗಳು ಹೊರಡಬೇಕು ಅನ್ನುವಾಗ ಅದು ಒಬ್ಬ ಅಜ್ಜಿಯ ಭುಜದತ್ತ ಜಾರಿತು. ರಾಕೆಟ್ಟಿನ ತಲೆ ಯೋಚಿಸುವ ಮೊದಲೇ ಕೈ ಹೋಗಿ ಹಿಡಿದಾಗಿತ್ತು. ಬಾಯಿಯಾದರೂ ಸುಮ್ಮನಿರಬೇಡವೇ?

"ನಿಧಾನ ಅಮ್ಮಾ... ಒಳಗೆ ಸರೀರಿ, ಒಳಗೆ ಸರೀರಿ!"

ಕೆಟ್ಟಿತು ಕೆಲಸ. ಜನ ಸರಿದರು. ಅಜ್ಜಿಯ ಹಿಂದೆ ಸೊಸೆ, ಸೊಸೆಯ ಹಿಂದೆ ಮೊಮ್ಮಕ್ಕಳು, ಮೊಮ್ಮಕ್ಕಳ ಹಿಂದೆ ಇಡೀ ಊರು. ಇವನ ಮೈಮೇಲೆ ಲಿಫ್ಟಿನ ಖಾಕಿ ಅಂಗಿ. ಇದ್ದುದರಲ್ಲಿ ಒಳ್ಳೆಯದು ಅಂತ ಅದನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದ. ಬಾಗಿಲ ಕಾವಲಿನವನು ಅದನ್ನು ನೋಡಿ, "ನೀವಿದ್ದೀರಲ್ಲ ಅಣ್ಣ, ಒಂದು ಟೀ ಕುಡಿದು ಬಂದೆ," ಅಂತ ಹೋದವನು ಇವತ್ತಿಗೂ ಕುಡಿಯುತ್ತಿದ್ದಾನೆ.

ಕಾರುಗಳು ಹೊರಟವು. ರಾಕೆಟ್ಟಿನ ಬೆನ್ನು ಟ್ರ್ಯಾಕಿಗೆ, ಮುಖ ನಮ್ಮ ಕಡೆಗೆ. ಕತ್ತು ತಿರುಗಿಸಿದರೆ ಸೋಪಿನ ಜಾಹೀರಾತಿನ ಹಲಗೆ ಅಡ್ಡ. ನಾನು ಎದ್ದು ಹೋಗೋಣವೆಂದರೆ ನಡುವೆ ಇರುವೆ ನುಸುಳಲೂ ಜಾಗವಿಲ್ಲ.

"ಬಿಟ್ಟು ಬಾರೋ!" ಎಂದು ಕೂಗಿದೆ.

"ಹೇಗೆ ಬಿಡಲಿ ಸಾರ್? ಮಕ್ಕಳು ಬರ್ತಾ ಇವೆ!"

ಒಮ್ಮೆ ಬಿಟ್ಟೂ ನೋಡಿದ. ಎರಡು ಹೆಜ್ಜೆ ಇಟ್ಟಿರಬೇಕು, ಹಿಂದೆ ಒಂದು ಕೂಸು ಕಿಟಾರನೆ ಕಿರುಚಿತು. ಓಡಿಹೋಗಿ ಮತ್ತೆ ಹಿಡಿದ. "ಯಾರಾದರೂ ಒಂದು ನಿಮಿಷ ಹಿಡ್ಕೊಳ್ರಪ್ಪಾ," ಎಂದು ದಾಟುವವರನ್ನೆಲ್ಲ ಬೇಡಿಕೊಂಡ. ಒಬ್ಬ ಅವನ ಕೈಗೆ ಟಿಕೆಟ್ ತುರುಕಿದ. ಇನ್ನೊಬ್ಬಳು ಶೌಚಾಲಯ ಎಲ್ಲಿ ಎಂದು ಕೇಳಿದಳು. ಅಳುವ ದನಿಯಲ್ಲೇ "ಎಡಕ್ಕೆ ಅಮ್ಮಾ" ಎಂದು ಅದನ್ನೂ ಹೇಳಿದ.

ಕೊನೆಯ ಸುತ್ತು. "ಕೆಂಪು! ಕೆಂಪು!" ಜನ ಎದ್ದು ನಿಂತರು. ಸಾವಿರಾರು ಕತ್ತುಗಳು ಎಡದಿಂದ ಬಲಕ್ಕೆ ಒಟ್ಟಿಗೆ ತಿರುಗಿದವು. ರಾಕೆಟ್ಟು ಆ ಕತ್ತುಗಳನ್ನೇ ನೋಡುತ್ತಾ ನಿಂತಿದ್ದ. ಅವನ ಕಾರು ಅವನ ಬೆನ್ನ ಹಿಂದೆ ಹಾದುಹೋಯಿತು.

ಆಮೇಲೆ ಜನ ಹೊರಗೆ ಹೋಗಬೇಕಲ್ಲ. ಅದಕ್ಕೂ ಅವನೇ ಬಾಗಿಲು ಹಿಡಿದ.

ವಾಪಸು ಬರುವ ಬಸ್ಸಿನಲ್ಲಿ ಅವನು ಬಲಗೈ ನೀವಿಕೊಳ್ಳುತ್ತಾ ಕಿಟಕಿಯಾಚೆ ನೋಡುತ್ತಿದ್ದ. ಮೌನ ನನಗೆ ಆಗಿಬರುವುದಿಲ್ಲ. "ಅಷ್ಟು ದೂರ ಹೋಗಿ ಬಾಗಿಲು ಕಾದು ಬಂದೆಯಲ್ಲಯ್ಯ! ನನ್ನನ್ನು ಕೇಳು. ಕೆಂಪು ಕಾರು ಹೋಯಿತು ನೋಡು, ಓಡಿಸುವವನ ಹುಬ್ಬಿನಲ್ಲಿದ್ದ ನರೆಕೂದಲು ಸಮೇತ ಕಂಡೆ," ಎಂದೆ.

ರಾಕೆಟ್ಟು ತನ್ನ ಲಿಫ್ಟಿನ ವೇಗದಲ್ಲೇ ನನ್ನ ಕಡೆ ತಿರುಗಿದ.

"ಸಾರ್, ಅದು ಬಂದಾಗಲೆಲ್ಲ ನನಗೆ ಎದುರಿಗೆ ಕಾಣ್ತಿದ್ದದ್ದು ನಿಮ್ಮ ಮುಖ. ಎರಡು ಕಿವೀಲೂ ಬೆರಳು, ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿಕೊಂಡಿದ್ರಿ. ನನಗಾದ್ರೆ ಬೆನ್ನು ಆ ಕಡೆಗಿತ್ತು, ನಿಮಗೇನಾಗಿತ್ತು?"