ಅರಿಶಿನ ಮುಟ್ಟದ ನರಸಮ್ಮ

ಗುಬ್ಬಿಯ ಒಂದು ಮನೆ, ಬೆಳಗಿನ ಆರೂವರೆ. ಹಂಡೆಯಲ್ಲಿ ನೀರು ಕಾದಿದೆ. ನರಸಮ್ಮ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋಗದೆ ಹಿತ್ತಲ ಬಾಗಿಲಿನ ಬೆಳಕಿಗೆ ಬರುತ್ತಾರೆ.

"ಗಾಳಿ ತಾಗುತ್ತೆ ಕಣೇ, ಒಳಕ್ಕೆ ಬಾ. ಅರಿಶಿನ ಕಲಸಿಟ್ಟಿದೀನಿ," ಎನ್ನುತ್ತಾರೆ ಕೂಸಿನ ಅಜ್ಜಿ ಸಿದ್ದಗಂಗಮ್ಮ.

"ನೀನೇ ಹಚ್ಕಳವ್ವ, ಚೆಂದ ಕಾಣ್ತೀಯ."

ಐವತ್ತೆಂಟರ ನರಸಮ್ಮ ಹಸುಗೂಸುಗಳಿಗೆ ನೀರೆರೆಯುವವರು. ದಿನಕ್ಕೆ ನಾಲ್ಕು ಮನೆ, ಎಲ್ಲವೂ ನಡಿಗೆಯಲ್ಲೇ. ಮೊದಲ ಹದಿನೈದು ದಿನ ಅರಿಶಿನ ಮುಟ್ಟುವುದಿಲ್ಲ. ಅದರ ಹಳದಿಯಲ್ಲಿ ಕಾಮಾಲೆಯ ಹಳದಿ ಅಡಗುತ್ತದೆ. ಕೂಸಿನ ಮೂಗು, ಎದೆ, ಅಂಗಾಲನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಟ್ಟು, ಬಣ್ಣ ನೋಡಿದ ಮೇಲೆಯೇ ನೀರು.

ಇದು ನಾಲ್ಕು ದಿನದ ಗಂಡು ಕೂಸು. ಅಂಗಾಲೂ ಹಳದಿ.

"ಹಾಲು ಕುಡಿತಾನಾ?"

"ಇಲ್ಲಕ್ಕ, ಬರೀ ನಿದ್ದೆ. ಅಳೋದೇ ಇಲ್ಲ, ಜಾಣ ಅಂತಾರೆ ಅಮ್ಮ," ಎನ್ನುತ್ತಾಳೆ ಬಾಣಂತಿ ಸ್ವರ್ಣಲತಾ.

"ಬಂಗಾರದ ಬಣ್ಣ ಕಣೇ ಅವ್ನು!" ಸಿದ್ದಗಂಗಮ್ಮ ಸೋಲುವುದಿಲ್ಲ. "ಹನ್ನೊಂದು ದಿನ ಕಳೀದೆ ಹೊಸ್ತಿಲು ದಾಟ್ಸಲ್ಲ. ಬಿಸಿಲಿಗೆ ಹಿಡಿದ್ರೆ ಹೋಗುತ್ತೆ ಬುಡು."

ನರಸಮ್ಮ ಅಲ್ಲೇ ಕೂರುತ್ತಾರೆ. "ಹಳದಿ ಅಂಗಾಲಿಗಿಳಿದು, ಹಾಲೂ ಬಿಟ್ಟು ಮಲಗಿದ ಮೇಲೆ ಬಿಸಿಲು ಸಾಲಲ್ಲ. ಹಿಂದೆ ಕುಣಿಗಲ್‌ನಲ್ಲಿ ಒಂದು ಹೆಣ್ಮಗೀಗೆ ನಾನೇ ಅರಿಶಿನ ತಿಕ್ಕಿ ಎರೀತಿದ್ದೆ. ಕಾಮಾಲೆ ಕಾಣ್ಲೇ ಇಲ್ಲ. ಅವಳಿಗೀಗ ಹನ್ನೊಂದು ವರ್ಷ. ಕೂಗಿದ್ರೆ ತಿರುಗಲ್ಲ, ಕಾಮಾಲೆ ಏರಿ ಕಿವಿ ಹೋಯ್ತು. ಇವನನ್ನ ನಾನೇ ಹೊಸ್ತಿಲು ದಾಟಿಸ್ತೀನಿ. ಬಯ್ಯೋದಿದ್ರೆ ನನ್ನ ಬಯ್ಕೊ."

ಸಿದ್ದಗಂಗಮ್ಮ ಬಯ್ಯುವುದಿಲ್ಲ. ಒಳಗೆ ಹೋಗಿ ಕುಲಾವಿ ತರುತ್ತಾರೆ.

ಏಳೂಕಾಲರ ಬಸ್ಸಿಗೆ ಎಲ್ಲರೂ ತುಮಕೂರಿನ ಆಸ್ಪತ್ರೆಗೆ. ದಾರಿಯುದ್ದಕ್ಕೂ ನರಸಮ್ಮ ಕೂಸಿನ ಅಂಗಾಲು ಕೆರೆದು ಎಬ್ಬಿಸುತ್ತಾರೆ, ಸ್ವರ್ಣಲತಾ ಹಾಲೂಡಿಸುತ್ತಾಳೆ. ಉಳಿದ ಮೂರು ಮನೆಗಳಲ್ಲಿ ಹಂಡೆಯ ನೀರು ಆರುತ್ತದೆ.

ಆಸ್ಪತ್ರೆಯಲ್ಲಿ ಕಾಮಾಲೆ ಇಳಿಸುವ ನೀಲಿ ಬೆಳಕಿನಡಿ ಮೂರು ದಿನ ಮಲಗಿ ಕೂಸು ಮನೆಗೆ ಮರಳುತ್ತದೆ. ಸರಿಯಾದ ಹೊತ್ತಿಗೆ ತಂದಿರಿ ಎಂದಿದ್ದಾರೆ ಡಾಕ್ಟರು. ಈಗ ಹಾಲು ತಡವಾದರೆ ಅವನ ಅಳು ಬೀದಿಗೆಲ್ಲ ಕೇಳುತ್ತದೆ. "ಅದೆಷ್ಟು ಅರಚ್ತಾನೋ ನೋಡೇ!" ಎಂದು ಸಿದ್ದಗಂಗಮ್ಮ ಹೋದವರಿಗೆ ಬಂದವರಿಗೆಲ್ಲ ದೂರುತ್ತಾರೆ, ಹಿಗ್ಗಿನಿಂದ.

ನಿಮ್ಮ ಆಸೆ ಏನು ಎಂದು ಯಾರಾದರೂ ಕೇಳಿದರೆ ನರಸಮ್ಮ ನಗುತ್ತಾರೆ.

"ನಿನ್ನೆ ಪಕ್ಕದ ಬೀದೀಲಿ ಎರೆಯಕ್ಕೆ ಹೋದ್ರೆ, ಆ ಬಾಣಂತಿ ಆಗ್ಲೇ ಮಗೂನ ಬಾಗಿಲಿಗೆ ತಂದು ಮೂಗು ಒತ್ತಿ ನೋಡ್ತಾವ್ಳೆ. ಸ್ವರ್ಣಲತಾ ಹೇಳ್ಕೊಟ್ಟಿದ್ದಂತೆ. ಎಲ್ರೂ ಹಂಗೇ ಕಲ್ತ್ರೆ ಸಾಕು. ನಂಗೆ ನೀರು ಹುಯ್ಯೋದಷ್ಟೇ ಕೆಲ್ಸ."